ಡ್ಯಾಶ್‌ಬೋರ್ಡಿಗೆ ರೆಕ್ಸಿನ್ ಹೊದಿಸುವುದೋ, ಬಿಗಿಯುವುದೋ?

ಒಂದು ಕ್ರಿಯಾಪದಕ್ಕಾಗಿ ಹದಿನೈದು ದಿನದಿಂದ ತಡಕಾಡುತ್ತಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ನಮ್ಮದು ಶಿರಸಿ ಪಕ್ಕದ ಹಳ್ಳಿ. ಮನೆಯಲ್ಲಿರುವ ಕಾರು ಹಳೆಯದು. ನಾನು ಕಾರವಾರದಲ್ಲಿ ನೌಕರಿಯಲ್ಲಿದ್ದಷ್ಟು ವರ್ಷ ಅದಕ್ಕೆ ನೆರಳೆಂಬುದೇ ಸಿಕ್ಕಿರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲ್ಪದರ ಬೇಸಿಗೆಯ ಗದ್ದೆಯ ಹಾಗೆ ಬಾಯಿಬಿಟ್ಟು ಒಳಗಿನ ಹಳದಿ ಫೋಮು ಕಾಣುತ್ತಿತ್ತು. ಆ ಪದರದ ಪಿವಿಸಿ ಪ್ಲಾಸ್ಟಿಕ್ಕು ಮೆತ್ತಗಿರಲೆಂದು ಬೆರೆಸಿರುವ ಜಿಡ್ಡಿನಂಶ ಬಿಸಿಲಿಗೆ ಸ್ವಲ್ಪಸ್ವಲ್ಪವೇ ಹಾರಿಹೋಗುತ್ತದೆ (ಮುಂಗಾಜಿನ ಒಳಮೈಗೆ ಮಂಜಿನಂತೆ ಕೂರುವ ಪೊರೆಯಲ್ಲಿ ಅದರ ಪಾಲೂ ಇದೆ). ಅದು ಹೋದಮೇಲೆ ಪದರ ಸೆಟೆದು ಸೀಳುತ್ತದೆ. ಬಾಗಿಲುಗಳ ಒಳಬಟ್ಟೆಗೆ ಮಳೆಗಾಲದ ಬೂಸ್ಟು ಬೇರೆ. ಈ ಬೇಸಿಗೆಯಲ್ಲಿ ಎಲ್ಲವನ್ನೂ ಬಿಚ್ಚಿ ನಾನೇ ರೆಕ್ಸಿನ್ ಹಾಕಿದೆ. ನೋಡಿದ ಸ್ನೇಹಿತರೊಬ್ಬರು, ಹೇಗೆ ಮಾಡಿದಿರೋ ಹಾಗೇ ಬರೆದುಕೊಡಿ ಎಂದರು. ಕೈಕೆಲಸಕ್ಕೆ ಪದ ಬೇಕಿರಲಿಲ್ಲ. ಬರೆಯಲು ಕೂತರೆ ಮೊದಲ ವಾಕ್ಯದಲ್ಲೇ ಪೆನ್ನು ನಿಂತಿತು: "ಡ್ಯಾಶ್‌ಬೋರ್ಡಿಗೆ ರೆಕ್ಸಿನ್..." ಏನು?

"ಹಾಕುವುದು" ಅಂದರಾಯಿತಲ್ಲ ಎನ್ನಬಹುದು. ನಾನೂ ಮೇಲೆ ಹಾಗೇ ಬರೆದಿದ್ದೇನೆ. ಆದರೆ ಕನ್ನಡದಲ್ಲಿ ಹಾಕದೇ ಇರುವುದು ಏನಿದೆ? ಬಾಗಿಲು ಹಾಕುತ್ತೇವೆ, ಬೇಲಿ ಹಾಕುತ್ತೇವೆ, ದನಕ್ಕೆ ಹುಲ್ಲು ಹಾಕುತ್ತೇವೆ. ಕೆಲಸದ ಬಗೆ ಅದರಲ್ಲಿ ಕಾಣುವುದಿಲ್ಲ. ಕುಶನ್ ಅಂಗಡಿಯಲ್ಲಿ ವಿಚಾರಿಸಿದರೆ "ರೆಕ್ಸಿನ್ ಹೊಡೆಯೋದು" ಎಂದರು. ಮರದ ಚೌಕಟ್ಟಿಗೆ ಸಣ್ಣ ಮೊಳೆ ಹೊಡೆದು ಕೂರಿಸುತ್ತಿದ್ದ ದಿನಗಳ ಮಾತಿರಬೇಕು ಎಂದು ನನ್ನ ಊಹೆ. ಡ್ಯಾಶ್‌ಬೋರ್ಡಿನಲ್ಲಿ ಮೊಳೆಯೇ ಇಲ್ಲ. ಮೇಲಾಗಿ ನಮ್ಮ ಕಡೆ ಹೊಡೆಯುವುದು ಅಂದರೆ ಅಡಿಕೆಗೆ ಮದ್ದು ಹೊಡೆಯುವುದು.

ಬರಹದ ಕನ್ನಡದಲ್ಲಿ ಥಟ್ಟನೆ ಕೈಗೆ ಸಿಗುವುದು "ಹೊದಿಸು". ಇದಕ್ಕೆ ನನ್ನ ತಕರಾರಿದೆ. ಹೊದಿಸುವುದು ಕಂಬಳಿಯನ್ನು, ಶಾಲನ್ನು. ಹಿಂದೆ ಮಾಡಿಗೆ ಸೋಗೆ ಹೊದಿಸುತ್ತಿದ್ದರು, ಅದನ್ನು ಮತ್ತೆ ತೆಗೆದು ಹೊಸದು ಹೊದಿಸುವುದು ಇದ್ದೇ ಇತ್ತು. ಹೊದಿಸಿದ್ದು ಮೇಲಿಂದ ಸಡಿಲವಾಗಿ ಬಿದ್ದಿರುತ್ತದೆ, ಜಾರಿದರೆ ಎಳೆದು ಸರಿಮಾಡುತ್ತೇವೆ. ರೆಕ್ಸಿನ್ ಜಾರುವಂತಿದ್ದರೆ ಕೆಲಸವೇ ಕೆಟ್ಟ ಹಾಗೆ. "ತೊಡಿಸು" ಕೂಡ ಒಗ್ಗದು, ತೊಡಿಸಿದ್ದನ್ನು ಕಳಚಬಹುದು. ಸೀಟಿನ ಕವರಿಗೆ ಬೇಕಾದರೆ ಅದು ಸರಿ. ಅದಕ್ಕೆ ನಾಮಪದವೂ ನಮ್ಮಲ್ಲೇ ಇದೆ, ಗವಸು. ದಿಂಬಿನ ಗವಸು, ಕೈಗವಸು ಎನ್ನುವವರು ಸೀಟಿನ ಗವಸು ಅನ್ನಲು ಯಾಕೆ ಹಿಂಜರಿಯುತ್ತೇವೋ ತಿಳಿಯದು. "ಅಂಟಿಸು" ಅಂಚೆಚೀಟಿಗೆ ಸಾಕು.

ಕೆಲಸ ಹೇಗೆ ನಡೆಯುತ್ತದೆಂದು ಹೇಳಿದರೆ ನನಗೆ ಎಂಥ ಪದ ಬೇಕೆಂಬುದು ನಿಮಗೆ ಹೊಳೆದೀತು. ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು. ಸ್ಕ್ರೂ, ಕ್ಲಿಪ್ಪು ತೆಗೆದು ಡ್ಯಾಶ್‌ಬೋರ್ಡನ್ನು ಹೊರತಂದು, ಬಿರುಕಿನ ಬಳಿ ಎದ್ದುನಿಂತದ್ದನ್ನು ಕೊಯ್ದು, ಗುಂಡಿ ತುಂಬಿ, ಪಾಲಿಶ್ ಪೇಪರಿನಲ್ಲಿ ಉಜ್ಜಿ ಸಮ ಮಾಡಬೇಕು. ರಬ್ಬರ್ ಗೋಂದನ್ನು ಅದರ ಮೈಗೂ ರೆಕ್ಸಿನ್ನಿನ ಬೆನ್ನಿಗೂ ಬಳಿದು ಹತ್ತು ಹದಿನೈದು ನಿಮಿಷ ಸುಮ್ಮನೆ ಕಾಯಬೇಕು. ಬೆರಳಿಗೆ ಹತ್ತಬಾರದು, ಆದರೆ ಗೋಂದಿಗೆ ಗೋಂದು ತಾಗಿದರೆ ಬಿಡಬಾರದು. ಈ ಹದಕ್ಕೂ ಒಂದು ಹೆಸರು ಬೇಕು. ಮೊದಲು "ಎಳೆಪಾಕ" ಎಂದು ಬರೆದಿದ್ದೆ. ಮನೆಯವಳು ಓದಿ ನಕ್ಕಳು: ಎಳೆ ಬಂದರೆ ಗೋಂದು ಇನ್ನೂ ಹಸಿ ಇದೆ ಅಂತಲ್ಲವೇ? ನಿಜ. ಆ ಮಾತು ಹೊಡೆದುಹಾಕಿದ್ದೇನೆ, ಬದಲಿ ಸಿಕ್ಕಿಲ್ಲ. (ಕೈಗೆ ಮೆತ್ತದಿರಲೆಂದು ಹಲಸಿನಹಣ್ಣು ಕೊಯ್ಯುವಾಗಿನ ಹಾಗೆ ತೆಂಗಿನೆಣ್ಣೆ ಸವರಿಕೊಂಡು ಕೂತಿದ್ದೆ. ಮೇಣಕ್ಕೆ ನಡೆಯುವ ಉಪಾಯ ಇಲ್ಲಿ ನಡೆಯಲಿಲ್ಲ, ಎಣ್ಣೆಕೈ ತಾಗಿದಲ್ಲೆಲ್ಲ ರೆಕ್ಸಿನ್ ಹಿಡಿಯಲೇ ಇಲ್ಲ. ಒಂದು ಮೀಟರ್ ದಂಡ.) ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ, ಹೀಟ್ ಗನ್ನಿನ ಬಿಸಿಗೆ ಮೆತ್ತಗಾದಷ್ಟು ಎಳೆಯುತ್ತ, ಉಬ್ಬುತಗ್ಗಿನ ಮೇಲೆ ಕೂರಿಸಿ ಅಂಚನ್ನು ಹಿಂಬದಿಗೆ ಮಡಚಬೇಕು. ಒಳಮೂಲೆಗಳಲ್ಲಿ ದರ್ಜಿಗಳ ಹಾಗೆ ಕಚ್ಚು ಕೊಡದಿದ್ದರೆ ರೆಕ್ಸಿನ್ ತಿರುಗುವುದಿಲ್ಲ. ಎಳೆತ, ಅಂಟು ಎರಡೂ ಕೂಡಿದ ಕೆಲಸ ಇದು. ಬಿಚ್ಚುವ ಮಾತಿಲ್ಲ.

ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ದೊಡ್ಡಪ್ಪ, "ಅಪ್ಪೀ, ಅದು ಹೊದ್ಸದಲ್ದೋ, ಬಿಗ್ಯದು" ಎಂದರು. ಅವರು ಒಂದು ಕಾಲದಲ್ಲಿ ಯಕ್ಷಗಾನದ ಆಟಕ್ಕೆ ಮದ್ದಳೆ ಬಾರಿಸಿದವರು. ಮದ್ದಳೆಗೆ ಮಾಡುವುದೂ ಹೀಗೇ ಅಲ್ಲವೇ, ಚರ್ಮವನ್ನು ಬಾಯಿಯ ಮೇಲೆಳೆದು ಬಾರಿನಲ್ಲಿ ಬಿಗಿಯುವುದು. ಆ ಚರ್ಮದ ಮುಖಕ್ಕೆ ಮುಚ್ಚಿಗೆ ಎಂದು ಹೆಸರು: ಬಲ ಮುಚ್ಚಿಗೆ, ಎಡ ಮುಚ್ಚಿಗೆ. ಅವರು ಹೀಗೆಂದದ್ದೇ ನನಗೆ ಕಾರವಾರದಲ್ಲಿ ಕಿವಿಗೆ ಬಿದ್ದಿದ್ದ ಮರಾಠಿಯ "ಮಢವಣೆ" ನೆನಪಾಯಿತು. ಹಿಂದಿಯವರದು "ಮಢ್‌ನಾ". ಢೋಲಿಗೆ ಚರ್ಮ ಕೂರಿಸುವುದಕ್ಕೂ ಕುರ್ಚಿಗೆ ಬಟ್ಟೆ ಕೂರಿಸುವುದಕ್ಕೂ ಹಿಂದಿಯಲ್ಲಿ ಅದೊಂದೇ ಕ್ರಿಯಾಪದ. ವಾದ್ಯದಿಂದ ಪೀಠೋಪಕರಣಕ್ಕೆ ಪದ ನಡೆದುಬಂದದ್ದು ಅವರಲ್ಲಿ ಸಹಜ ಅನ್ನಿಸಿದ್ದರೆ ನಮ್ಮಲ್ಲಿ ಯಾಕೆ ಆಗಬಾರದು? ಇಂಗ್ಲಿಷಿನ "ಅಪ್‌ಹೋಲ್‌ಸ್ಟರ್" ಕಡೆ ತಿರುಗಿ ನೋಡಿ ಪ್ರಯೋಜನವಿಲ್ಲ. ಅಲ್ಲಿ ಮೊದಲು ಹುಟ್ಟಿದ್ದು ಕೆಲಸಗಾರನ ಹೆಸರು, ಅದರ ಬಾಲ ಕತ್ತರಿಸಿ ಕ್ರಿಯಾಪದ ಮಾಡಿಕೊಂಡದ್ದು ಆಮೇಲೆ. ಮೂಲ ಹಿಡಿದು ಹೋದರೆ "ಎತ್ತಿಹಿಡಿ" ಎಂಬಲ್ಲಿಗೆ ತಲುಪುತ್ತೇವೆ.

"ಮುಚ್ಚಿಗೆ ಬಿಗಿಯುವುದು" ಎಂದು ಖುಷಿಯಿಂದ ಬರೆದೆ. ಎರಡನೇ ಪುಟದಲ್ಲಿ ಎರಡು ತೊಡಕು ಎದ್ದವು. ಮೊದಲನೆಯದು ಮನೆಯದು. ನಮ್ಮ ಹಳೆಯ ಮನೆಗಳಲ್ಲಿ ಮುಚ್ಚಿಗೆ ಎಂದರೆ ತೊಲೆಗಳ ಮೇಲೆ ಹಲಗೆ ಜೋಡಿಸಿದ ಒಳಮಾಡು. ಕಾರಿನಲ್ಲಿ ತಲೆಯ ಮೇಲಿರುವ ಒಳಬಟ್ಟೆಗೆ ಅದಕ್ಕಿಂತ ಒಳ್ಳೆಯ ಪದ ಸಿಗಲಾರದು. "ಮುಚ್ಚಿಗೆ ಜೋತುಬಿದ್ದಿದೆ" ಎಂದರೆ ಯಾರಿಗೂ ವಿವರಣೆ ಬೇಡ. (ಆ ಬಟ್ಟೆಯ ಬೆನ್ನಿಗಿರುವ ತೆಳು ಫೋಮು ಹಳತಾಗಿ ಪುಡಿಯಾಗುವುದರಿಂದ ಹಾಗಾಗುತ್ತದೆ. ಪುಡಿಯನ್ನು ಪೂರ್ತಿ ಕೆರೆದು ತೆಗೆಯದೆ ಗೋಂದು ಬಳಿದರೆ ಮತ್ತೆ ಜೋಲುವುದು ಖಂಡಿತ.) ಒಂದೇ ಲೇಖನದಲ್ಲಿ ಮಾಡಿಗೂ ಡ್ಯಾಶ್‌ಬೋರ್ಡಿಗೂ ಮುಚ್ಚಿಗೆ ಅಂದರೆ ಓದುವವರು ಕತ್ತು ಎತ್ತಿ ಇಳಿಸಿ ಸುಸ್ತಾದಾರು. ಎರಡನೆಯದು "ಬಿಗಿ". ಅದೇ ಪುಟದಲ್ಲಿ ಸ್ಕ್ರೂ ಬಿಗಿಯಬೇಕು, ಕ್ಲಿಪ್ಪು ಬಿಗಿಯಾಗಿ ಕೂರಬೇಕು. "ಡ್ಯಾಶ್‌ಬೋರ್ಡನ್ನು ಬಿಗಿಯಿರಿ" ಎಂದು ಬರೆದರೆ ಯಾರಾದರೂ ತಿರುಪುಳಿಯನ್ನೇ ಹುಡುಕಿಕೊಂಡು ಹೋಗುತ್ತಾರೆ.

ಉಳಿದ ಪದಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಡ್ಯಾಶ್‌ಬೋರ್ಡ್ ಡ್ಯಾಶ್‌ಬೋರ್ಡೇ. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ತಡೆಯಲು ಗಾಡಿಯ ಮುಂದೆ ನಿಲ್ಲಿಸುತ್ತಿದ್ದ ಹಲಗೆಯ ಹೆಸರದು, ಕಾರಿಗೆ ಹಾಗೇ ಬಂತು. ಈಗ "ಮುಂಫಲಕ" ಎಂದು ಹೊಸದಾಗಿ ಕಟ್ಟಿದರೆ ಮೆಕ್ಯಾನಿಕ್ಕೂ ನಗುತ್ತಾನೆ. ರೆಕ್ಸಿನ್ ಬ್ರಿಟಿಷ್ ಕಂಪನಿಯೊಂದರ ಸರಕಿನ ಹೆಸರಾಗಿತ್ತು, ನಮ್ಮಲ್ಲಿ ಎಲ್ಲ ಕೃತಕ ಚರ್ಮಕ್ಕೂ ಅದೇ ಹೆಸರಾಗಿ ನಿಂತಿದೆ. ಇರಲಿ. ನೆರಿಗೆ ಮತ್ತು ಸುಕ್ಕು ಮಾತ್ರ ಬೆರೆಯಬಾರದು: ನೆರಿಗೆ ನಾವು ಬೇಕೆಂದು ಹಿಡಿಯುವುದು, ಸುಕ್ಕು ಬೇಡವೆಂದರೂ ಬರುವುದು. ರೆಕ್ಸಿನ್ನಿನ ಅಡಿ ಗಾಳಿ ಸಿಕ್ಕು ಉಬ್ಬಿದ್ದಕ್ಕೆ ನಾನು "ಬೊಕ್ಕೆ" ಎಂದು ಬರೆದಿದ್ದೇನೆ. ಬಯಲುಸೀಮೆಯವರಿಗೆ ತಿಳಿಯದಿದ್ದರೆ ಗುಳ್ಳೆ ಎಂದು ತಿದ್ದುತ್ತೇನೆ.

ಏರ್‌ಬ್ಯಾಗಿನ ಮಾತು ಬೇರೆ, ಅಲ್ಲಿ ಪದ ತಪ್ಪಿದರೆ ಜೀವಕ್ಕೇ ಕುತ್ತು. ನನ್ನ ಕಾರಿನಲ್ಲಿ ಅದಿಲ್ಲ. 2021ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಲ್ಲಿ ಚಾಲಕನ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದೆ, ಅದು ಇರುವುದು ಡ್ಯಾಶ್‌ಬೋರ್ಡಿನ ಒಳಗೆ. ಅದರ ಮುಚ್ಚಳ ಒಂದು ದುರ್ಬಲ ಗೆರೆಗುಂಟ ಹರಿದು ತೆರೆದುಕೊಳ್ಳಬೇಕು. ಅದರ ಮೇಲೆ ರೆಕ್ಸಿನ್ ಎಳೆದು ಅಂಟಿಸಿದರೆ ಚೀಲ ಹೊತ್ತಿಗೆ ಸರಿಯಾಗಿ ಹೊರಬರಲಿಕ್ಕಿಲ್ಲ. ಆ ಭಾಗ ಮುಟ್ಟಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಆ ಗೆರೆಗೆ "ಹರಿಗೆರೆ" ಎಂದಿದ್ದೆ, ಹರಿಯುವುದು ನೀರೂ ಹೌದಲ್ಲ ಎಂದು "ಸೀಳುಗೆರೆ" ಮಾಡಿದೆ. ಸರಿ ಕಾಣುತ್ತದೆಯೇ?

ಸದ್ಯ ವಾಕ್ಯ ಹೀಗಿದೆ: "ಗೋಂದು ಆರಿ ಬೆರಳಿಗೆ ಹತ್ತದಂತಾದಾಗ ರೆಕ್ಸಿನ್ನನ್ನು ನಡುವಿನಿಂದ ಅಂಚಿಗೆ ಎಳೆದು ಬಿಗಿಯಿರಿ. ಸ್ಕ್ರೂಗಳನ್ನು ಮರುದಿನ ತಿರುಪಿ." ಸ್ಕ್ರೂವಿಗೆ "ತಿರುಪು" ಕೊಟ್ಟು "ಬಿಗಿ"ಯನ್ನು ರೆಕ್ಸಿನ್ನಿಗೇ ಉಳಿಸಿಕೊಂಡಿದ್ದೇನೆ. ಇದು ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಚೆಂಡೆ ಮದ್ದಳೆ ಕಟ್ಟುವವರ ಪರಿಚಯವಿದ್ದವರು ಇನ್ನೊಂದು ವಿಚಾರಿಸಿ ಹೇಳಿ: ಚರ್ಮ ಎಳೆದು ಕೂರಿಸುವ ಆ ಒಂದು ಗಳಿಗೆಗೆ, ಬಾರು ಬಿಗಿಯುವ ಮೊದಲು, ಅವರು ಬೇರೆ ಯಾವುದಾದರೂ ಮಾತು ಬಳಸುತ್ತಾರೆಯೇ?