ಗೋಡೆ ಗುಲಾಬಿ: ತುದಿಯಲ್ಲಷ್ಟೇ ಹೂ, ಕೆಳಗೆಲ್ಲ ಬೋಳು

ಹಿತ್ತಲಮನೆ: ಜಾಗ ಬೆಂಗಳೂರು. ಪಶ್ಚಿಮದ ಬಿಸಿಲು ಬೀಳುವ 6 ಅಡಿ ಕಾಂಪೌಂಡ್ ಗೋಡೆ, ಮೂರು ವರ್ಷದ ಬಳ್ಳಿ ಗುಲಾಬಿ, ಕಸಿ ಗಿಡ. ವರ್ಷಕ್ಕೆ ಮೂರ್ನಾಲ್ಕು ಸಲ ಹೂ ಬಿಡುತ್ತೆ. ಐದು ಕೊಂಬೆ ನೆಟ್ಟಗೆ ಏರಿ ಗೋಡೆ ದಾಟಿವೆ. ಹೂವೆಲ್ಲ ಪಕ್ಕದ ಸೈಟಿನವರಿಗೆ, ನಮಗೆ ಕೆಳಗಿನ 4 ಅಡಿ ಬರೀ ಮುಳ್ಳು. ಈ ಮಳೆಗಾಲದಲ್ಲಿ ಬುಡದಿಂದ ಎರಡು ಹೊಸ ಕೊಂಬೆ ಬಂದಿವೆ. ಅದರಲ್ಲಿ ಒಂದು ತಿಳಿ ಹಸಿರು, ಮುಳ್ಳೇ ಇಲ್ಲ. ಗೋಡೆಗೆ ಮೊಳೆ ಹೊಡೆದು ಬೈಂಡಿಂಗ್ ವೈರಲ್ಲಿ ಕಟ್ಟಿದೆ. ಅಕ್ಟೋಬರ್ ಬಂತು, ಎಲ್ಲಿಂದ ಕತ್ತರಿಸಲಿ?

ಕೆಂಪುಮಣ್ಣು: ಬೇರೆ ಗುಲಾಬಿಗೆ ಮಾಡೋ ಹಾಗೆ ಒಂದೂವರೆ ಅಡಿಗೆ ಇಳಿಸಿಬಿಡಿ. ಹೊಸ ಚಿಗುರು ಜೋರಾಗಿ ಬರುತ್ತೆ.

ಕತ್ತರಿಕೈ: ದಯವಿಟ್ಟು ಬೇಡ. ಅದು ಪೊದೆ ಗುಲಾಬಿಯ ಲೆಕ್ಕ. ಬಳ್ಳಿಯಲ್ಲಿ ಹೂ ಬರುವುದು ಉದ್ದ ಕೊಂಬೆಗಳ ಪಕ್ಕದಿಂದ ಒಡೆಯುವ ಗೇಣುದ್ದದ ರೆಂಬೆಗಳಲ್ಲಿ. ಉದ್ದ ಕೊಂಬೆಯನ್ನೇ ತೆಗೆದರೆ ಅದು ಮತ್ತೆ ಬೆಳೆಯುವವರೆಗೂ ಎಲೆ ನೋಡಿಕೊಂಡು ಕೂರಬೇಕು. ಮೇಲಾಗಿ ಕ್ಲೈಂಬಿಂಗ್ ಪೀಸ್ ಥರದವು ಪೊದೆ ತಳಿಯಲ್ಲಿ ತಾನಾಗಿ ಆದ ಮಾರ್ಪಾಟಿನಿಂದ ಹುಟ್ಟಿದ ಬಳ್ಳಿ ರೂಪಗಳು. ಎಳೆಯ ಗಿಡವನ್ನು ಬುಡಮಟ್ಟ ಕತ್ತರಿಸಿದರೆ ತಿರುಗಿ ಪೊದೆಯಾಗುವುದೂ ಉಂಟು.

ಕತ್ತರಿ ಆಮೇಲೆ. ಮೊದಲು ಕೊಂಬೆ ಮಲಗಿಸಬೇಕು. ನೆಟ್ಟಗಿರುವ ಕೊಂಬೆಯಲ್ಲಿ ತುದಿ ಚಿಗುರಿನಿಂದ ಇಳಿಯುವ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಕೆಳಗಿನ ಕಣ್ಣುಗಳನ್ನು ಒಡೆಯಲು ಬಿಡುವುದಿಲ್ಲ. ಅದೇ ಕೊಂಬೆಯನ್ನು ಬಾಗಿಸಿ ಅಡ್ಡ ಕಟ್ಟಿ, ಆ ಹಿಡಿತ ಸಡಿಲವಾಗಿ ಉದ್ದಕ್ಕೂ ಕಣ್ಣೊಡೆಯುತ್ತವೆ.

ಅದಕ್ಕೆ ಮೊಳೆ ಸಾಲದು, ತಂತಿ ಬೇಕು. 12 ಗೇಜ್ ಜಿ.ಐ. ತಂತಿ ಅಡ್ಡಡ್ಡ ನಾಲ್ಕು ಸಾಲು: ನೆಲದಿಂದ 18 ಇಂಚಿಗೆ ಮೊದಲನೆಯದು, ಅಲ್ಲಿಂದ ಮೇಲೆ 15 ಇಂಚಿಗೊಂದು. 6 ಅಡಿಗೊಂದು ಐ ಬೋಲ್ಟ್ (ತಲೆಯಲ್ಲಿ ಬಳೆ ಇರುವ ಬೋಲ್ಟ್), ವಾಲ್ ಪ್ಲಗ್ ಹಾಕಿ. ಬೋಲ್ಟಿನ ಕಣ್ಣು ಗೋಡೆಯಿಂದ 2-3 ಇಂಚು ಹೊರಗಿರಲಿ. ಗೋಡೆಗೆ ಅಂಟಿದ ಎಲೆಗೆ ಗಾಳಿ ಆಡುವುದಿಲ್ಲ; ಬೂದಿರೋಗ ಹಿಡಿಯುತ್ತೆ, ಪಶ್ಚಿಮದ ಬಿಸಿಲಿಗೆ ಗೋಡೆ ಕಾದರೆ ಕೆಂಪು ನುಸಿ ಬೇರೆ. ಕೊಂಬೆಯನ್ನು ತಂತಿಯ ಮುಂದೆಯೇ ಕಟ್ಟಿ, ಹಿಂದೆ ನುಸುಳಿಸಬೇಡಿ. ಮೂರು ವರ್ಷದ ನಂತರ ಹಳೆ ಕೊಂಬೆ ತೆಗೆಯುವಾಗ ಇದು ನೆನಪಾಗುತ್ತೆ.

ಬೈಂಡಿಂಗ್ ವೈರ್ ಇವತ್ತೇ ಬಿಚ್ಚಿ. ಕೊಂಬೆ ದಪ್ಪವಾದಂತೆ ತೊಗಟೆಗೆ ಇಳಿದು ಅಲ್ಲಿಂದ ಮೇಲಕ್ಕೆ ಒಣಗುತ್ತೆ. ಸೆಣಬಿನ ದಾರ ಅಥವಾ ಹೂ ಕಟ್ಟುವ ಬಾಳೆನಾರು ಸಾಕು, ಕನ್ನಡದ ೪ರ ಹಾಗೆ ಸುತ್ತಿ: ಒಂದು ಸುತ್ತು ತಂತಿಗೆ, ಇನ್ನೊಂದು ಕೊಂಬೆಗೆ, ಕಿರುಬೆರಳು ತೂರುವಷ್ಟು ಸಡಿಲ. ನಾರು ಬೇಗ ಕೊಳೆಯುತ್ತೆ ನಿಜ. ಹೇಗೂ ಆಗಾಗ ಕಟ್ಟು ನೋಡಲೇಬೇಕು.

ಈಗ ಕತ್ತರಿ. ಒಣಗಿದ್ದು, ಕಡ್ಡಿಯಷ್ಟು ಸಣ್ಣವು ಹೋಗಲಿ. ಹೂ ಬಿಟ್ಟು ಮುಗಿದ ಪಕ್ಕದ ರೆಂಬೆಗಳನ್ನು 2-3 ಕಣ್ಣು ಉಳಿಸಿ ಕತ್ತರಿಸಿ. ಹೆಬ್ಬೆರಳಿಗಿಂತ ದಪ್ಪವಾಗಿ ಬಾಗದೆ ನಿಂತ ಹಳೆಯದೊಂದನ್ನು ಬುಡದಿಂದ ತೆಗೆಯಿರಿ, ವರ್ಷಕ್ಕೆ ಒಂದೇ. ದಪ್ಪ ಗಾಯಕ್ಕೆ ಬೋರ್ಡೊ ಪೇಸ್ಟ್ (ಮೈಲುತುತ್ತ-ಸುಣ್ಣದ ಲೇಪ) ಹಚ್ಚಿ, ಇಲ್ಲದಿದ್ದರೆ ಮಳೆ ಹನಿ ಬಿದ್ದಾಗ ತುದಿಯಿಂದ ಕಪ್ಪಾಗಿ ಒಣಗುತ್ತಾ ಇಳಿಯುತ್ತೆ. ಹೂವಿಗೆ ಆರೇಳು ವಾರ ಕಾಯಿರಿ.

(ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವ ಬಳ್ಳಿಯಾದರೆ ಈಗ ಕತ್ತರಿ ಮುಟ್ಟಬಾರದು, ಹೂ ಮುಗಿದ ಮೇಲೆಯೇ.)

ಬೇರುಮೂಲ: ಆ ಮುಳ್ಳಿಲ್ಲದ ಕೊಂಬೆಯ ಮೇಲೆ ನನಗೆ ಅನುಮಾನ. ನಮ್ಮ ಕಡೆ ಕಸಿಗೆ ಮಲ್ಟಿಫ್ಲೋರಾ ಅನ್ನೋ ಕಾಡು ಗುಲಾಬಿಯನ್ನು ಬೇರುಗಿಡವಾಗಿ (ಕಸಿಯ ಕೆಳಭಾಗವಾಗಿ) ಬಳಸುವುದುಂಟು, ಅದರಲ್ಲಿ ಮುಳ್ಳಿಲ್ಲದ್ದೂ ಇದೆ. ಒಂದು ತೊಟ್ಟಿಗೆ ಏಳೆಲೆ ಇದ್ದರೆ ಕಾಡು ಚಿಗುರು ಅನ್ನೋ ಮಾತು ನಂಬಬೇಡಿ, ಎಷ್ಟೋ ಒಳ್ಳೆ ಬಳ್ಳಿಗಳಿಗೂ ಏಳೆಲೆ ಇರುತ್ತೆ. ಎಲೆತೊಟ್ಟು ಕೊಂಬೆಗೆ ಸೇರುವ ಕಡೆ ಎರಡು ಪುಟ್ಟ ರೆಕ್ಕೆ ಕಾಣುತ್ತೆ. ಅದರ ಅಂಚು ಬಾಚಣಿಗೆ ಹಲ್ಲಿನ ಹಾಗೆ ಎಳೆಎಳೆಯಾಗಿ ಸೀಳಿದ್ದರೆ ಮಲ್ಟಿಫ್ಲೋರಾ ರಕ್ತ. ಆದರೂ ಅದೇ ಕೊನೆಯ ಮಾತಲ್ಲ. ಮಣ್ಣು ಸರಿಸಿ, ಕಸಿಯ ಗಂಟಿನ ಕೆಳಗಿನಿಂದ ಹೊರಟಿದ್ದರೆ ಬೇರುಗಿಡದ್ದು. ಕತ್ತರಿಸಬೇಡಿ, ಅಲ್ಲೇ ಉಳಿದ ಕಣ್ಣುಗಳಿಂದ ನಾಲ್ಕು ಬರುತ್ತೆ. ಕೈಗವಸು ಹಾಕಿ ಕೆಳಮುಖವಾಗಿ ಎಳೆದು ಕಿತ್ತುಹಾಕಿ.

ಹಿತ್ತಲಮನೆ: ರೆಕ್ಕೆಯ ಅಂಚು ಬಾಚಣಿಗೆಯಂತೆಯೇ ಇದೆ, ಗಂಟಿನ ಎರಡು ಇಂಚು ಕೆಳಗಿನಿಂದ ಬಂದಿತ್ತು. ಕಿತ್ತೆ. ಇನ್ನೊಂದು ಹೊಸ ಕೊಂಬೆ 5 ಅಡಿ ಇದೆ. ಬಾಗಿಸಲು ಹೋದರೆ ಬುಡದಲ್ಲಿ ಲಟ್ ಅಂತು, ಅರ್ಧ ಸೀಳಿದೆ. ಅಲ್ಲದೆ ಬುಡ ಗೋಡೆಯಿಂದ ಆರೇ ಇಂಚಿಗಿದೆ, ಚಿಗುರೆಲೆ ಹಳದಿ, ನರ ಮಾತ್ರ ಹಸಿರು.

ಕತ್ತರಿಕೈ: ತೊಗಟೆ ಒಂದು ಕಡೆ ಹಿಡಿದುಕೊಂಡಿದ್ದರೆ ಉಳಿಯಬಹುದು. ತಕ್ಷಣ ಸೀಳು ಕೂಡಿಸಿ ಕಸಿ ಟೇಪ್ ಬಿಗಿಯಾಗಿ ಸುತ್ತಿ, ಪಕ್ಕಕ್ಕೊಂದು ಬಿದಿರು ಕಡ್ಡಿ ಕಟ್ಟಿ. ಎಳೆ ಕೊಂಬೆ ನಡುವೆ ಬಳುಕುತ್ತೆ, ಬುಡದ ಸಂದಿಯಲ್ಲೇ ಕೀಳುವುದು. ಒಂದು ಕೈಯಲ್ಲಿ ಬುಡ ಹಿಡಿದೇ ಬಾಗಿಸಬೇಕು, ಅದೂ ಒಂದೇ ದಿನ ಅಲ್ಲ. ಈ ವಾರ 45 ಡಿಗ್ರಿ, ಎರಡು ವಾರ ಬಿಟ್ಟು ಇನ್ನಷ್ಟು. ತುದಿ ಮಾತ್ರ ಬುಡಕ್ಕಿಂತ ಕೆಳಗೆ ಹೋಗಬಾರದು.

ಬೇರುಮೂಲ: ಹಳದಿಗೆ ಬಹುಶಃ ಗೋಡೆ ಬುಡದ ಗಾರೆ-ಸಿಮೆಂಟ್ ಚೂರು ಕಾರಣ. ಸುಣ್ಣದಂಶ ಹೆಚ್ಚಿದರೆ ಮಣ್ಣಿನ ಕಬ್ಬಿಣ ಬೇರಿಗೆ ಸಿಗುವುದಿಲ್ಲ. ಚೂರು ಆರಿಸಿ ತೆಗೆದು ಎರಡು ಬುಟ್ಟಿ ಕಾಂಪೋಸ್ಟ್ ಸೇರಿಸಿ. ಸದ್ಯಕ್ಕೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಗೋಡೆಗೆ ಹಾರಿದರೆ ತುಕ್ಕಿನ ಕಲೆ ಉಳಿಯುತ್ತೆ, ಹಿಂದೆ ಒಂದು ರಟ್ಟು ಹಿಡಿದುಕೊಳ್ಳಿ. ಗಿಡ ಕಿತ್ತು ನೆಡುವುದು ಬೇಡ; ಮುಂದೆ ಹೊಸದು ನೆಟ್ಟರೆ ಗೋಡೆಯಿಂದ ಒಂದೂವರೆ ಅಡಿ ದೂರ ಗುಂಡಿ ತೆಗೆದು ಗೋಡೆ ಕಡೆಗೆ ವಾಲಿಸಿ ನೆಡಿ.