ನೆಟ್ ಇಲ್ಲದ ಓಪಿಎನ್‌ಸೆನ್ಸ್ ಬಾಕ್ಸ್‌ಗೆ ಪ್ಲಗಿನ್ ಹಾಕೋಕೆ ಆಗ್ತಿಲ್ಲ, ಯಾರಾದ್ರೂ ನೋಡಿ

ಪೀಣ್ಯ_ಸೆಕೆಂಡ್‌ಶಿಫ್ಟ್:
ತಲೆ ಕೆಟ್ಟು ಹೋಗಿದೆ. ಫ್ಯಾಕ್ಟರಿಯಲ್ಲಿ ಸಿಎನ್‌ಸಿ (ಕಂಪ್ಯೂಟರ್ ಓಡಿಸೋ) ಮೆಷಿನ್‌ಗಳ ನೆಟ್‌ವರ್ಕ್ ಬೇರೆ, ಆಫೀಸಿಂದು ಬೇರೆ, ಮಧ್ಯೆ ಓಪಿಎನ್‌ಸೆನ್ಸ್ ಅನ್ನೋ ಫೈರ್‌ವಾಲ್ (ನೆಟ್‌ವರ್ಕ್ ಕಾವಲು) ಸಾಫ್ಟ್‌ವೇರ್ ಇರೋ ಬಾಕ್ಸ್. ಅದಕ್ಕೆ ಇಂಟರ್ನೆಟ್ ಇಲ್ಲ, ಕೊಡೋದೂ ಇಲ್ಲ ಅಂತ ಓನರ್ ಖಡಾಖಂಡಿತ. ಕರೆಂಟ್ ಹೋಗಿ ಯುಪಿಎಸ್ ಖಾಲಿ ಆಗೋ ಮೊದಲೇ ಬಾಕ್ಸ್ ತಾನಾಗಿ ಶಟ್‌ಡೌನ್ ಆಗ್ಬೇಕು, ಅದಕ್ಕೆ ಯುಪಿಎಸ್ ಜೊತೆ ಮಾತಾಡೋ ನಟ್ ಪ್ಲಗಿನ್ ಬೇಕು. ಪ್ಯಾಕೇಜ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಅದನ್ನ ಹಾಕೋ ‘ಪಿಕೆಜಿ ಆ್ಯಡ್’ ಕಮಾಂಡ್ ಕೊಟ್ರೆ ಎರರ್. ಮತ್ತೆ ಇಳಿಸಿದ್ರೂ ಅದೇ. ಏನು ಮಾಡ್ಲಿ? “ನೆಟ್ ಕೊಡಿ” ಅಂತ ಮಾತ್ರ ಹೇಳ್ಬೇಡಿ.

ಹಳೇಬೋರ್ಡ್:
ಗಡಿಯಾರ ನೋಡಿ ಸರ್. ನೆಟ್ ಇಲ್ಲದ ಬಾಕ್ಸ್‌ಗೆ ಎನ್‌ಟಿಪಿ (ನೆಟ್‌ನಿಂದ ಟೈಮ್ ಸರಿಮಾಡ್ಕೊಳ್ಳೋದು) ಸಿಗಲ್ಲ, ಬೋರ್ಡ್‌ನ ಗಡಿಯಾರ ಓಡಿಸೋ ಸಿಮಾಸ್ ಸೆಲ್ ಸತ್ತಿದ್ರೆ ತಾರೀಖು ಎಲ್ಲೋ ಹಿಂದಕ್ಕೆ ಹೋಗಿರುತ್ತೆ. ಸಿಆರ್2032 ಸೆಲ್ ಬದಲಾಯಿಸಿ, ಸರಿಹೋಗುತ್ತೆ.

ಪೀಣ್ಯ_ಸೆಕೆಂಡ್‌ಶಿಫ್ಟ್:
ತಾರೀಖು ಸರಿಯಾಗಿದೆ.

ಹಳೇಬೋರ್ಡ್:
ಬಯಾಸ್‌ನಲ್ಲಿ (ಬಾಕ್ಸ್ ಆನ್ ಆಗುವಾಗಿನ ಸೆಟ್ಟಿಂಗ್) ನೋಡಿದ್ರಾ, ಕಮಾಂಡ್ ಕೊಡೋ ಶೆಲ್‌ನಲ್ಲಾ? ಎರಡೂ ನೋಡಿ. ತಾರೀಖು ತಪ್ಪಿದ್ರೆ ಸರ್ಟಿಫಿಕೇಟ್ ಎಲ್ಲ ಫೇಲ್. ನನಗೆ ಇದೇ ಅನುಭವ ಆಗಿದೆ.

ತುಂಗಾತೀರ:
ಸರ್ಟಿಫಿಕೇಟ್ ಪ್ರಶ್ನೆ ಬರೋದು ಎಚ್‌ಟಿಟಿಪಿಎಸ್‌ನಲ್ಲಿ ನೆಟ್‌ನಿಂದ ಇಳಿಸುವಾಗ ಮಾರಾಯ್ರೇ. ಇವರು ಪೆನ್‌ಡ್ರೈವ್‌ನಿಂದ ಫೈಲ್ ಹಾಕ್ತಿದ್ದಾರೆ. ಎರರ್‌ನಲ್ಲಿ ಏನು ಬರೆದಿದೆ ಅಂತ ಅವರು ಇನ್ನೂ ಹೇಳಿಲ್ಲ, ಮೊದಲು ಅದು ಬೇಕು. ‘ಓಪಿಎನ್‌ಸೆನ್ಸ್-ವರ್ಶನ್’ ಕಮಾಂಡ್ ಏನು ತೋರಿಸುತ್ತೆ ಅನ್ನೋದನ್ನೂ ಹಾಕಿ.

ರ್‍ಯಾಕ್_ರಾಯ:
ಅಷ್ಟೆಲ್ಲ ಯಾಕೆ? ವರ್ಶನ್ ತಾಳೆ ನೋಡಬೇಡ ಅನ್ನೋ ‘ಇಗ್ನೋರ್_ಓಎಸ್‌ವರ್ಶನ್=ಯೆಸ್’ ಕೊಟ್ಟು ಫೋರ್ಸ್ ಮಾಡಿ, ಕೂತ್ಕೊಳ್ಳುತ್ತೆ.

ತುಂಗಾತೀರ:
ರಾಯರೇ, ಹೊಸಬರಿಗೆ ಫೋರ್ಸ್ ಕಲಿಸ್ಬೇಡಿ. ಓಪಿಎನ್‌ಸೆನ್ಸ್ ನಿಂತಿರೋದು ಫ್ರೀಬಿಎಸ್‌ಡಿ ಅನ್ನೋ ಓಎಸ್ ಮೇಲೆ. ಹಳೆಯ ಫ್ರೀಬಿಎಸ್‌ಡಿಗೆ ಕಟ್ಟಿದ ಪ್ರೋಗ್ರಾಂ ಹೊಸದರ ಮೇಲೆ ಓಡಬಹುದು, ಹೊಸದಕ್ಕೆ ಕಟ್ಟಿದ್ದು ಹಳೆಯದರ ಮೇಲೆ ಓಡುತ್ತೆ ಅನ್ನೋ ಭರವಸೆ ಇಲ್ಲ. ಜೊತೆಗೆ ಬಂದ ಲೈಬ್ರರಿ ವೆಬ್ ಪೇಜ್ ನಡೆಸೋ ಪಿಎಚ್‌ಪಿಯನ್ನ ಕೆಡಿಸಿದ್ರೆ ಬಾಕ್ಸ್‌ನ ಸೆಟ್ಟಿಂಗ್ಸ್ ಪೇಜೇ ತೆರೆಯಲ್ಲ. ಫ್ಯಾಕ್ಟರಿ ಬಾಕ್ಸ್ ಅದು.

ಪೀಣ್ಯ_ಸೆಕೆಂಡ್‌ಶಿಫ್ಟ್:
ವರ್ಶನ್ 24.1. ಎರರ್ ಹೀಗಿದೆ: “ರಾಂಗ್ ಆರ್ಕಿಟೆಕ್ಚರ್: ಫ್ರೀಬಿಎಸ್‌ಡಿ:14:ಎಎಂಡಿ64 ಇನ್‌ಸ್ಟೆಡ್ ಆಫ್ ಫ್ರೀಬಿಎಸ್‌ಡಿ:13:ಎಎಂಡಿ64”. ನನ್ನದು ಇಂಟೆಲ್ ಪ್ರೊಸೆಸರ್, ಎಎಂಡಿ ಅಂತ ಯಾಕೆ ಬರ್ತಿದೆ?

ತುಂಗಾತೀರ:
ಎಎಂಡಿ64 ಅಂದ್ರೆ 64 ಬಿಟ್ ಅಷ್ಟೇ, ಇಂಟೆಲ್‌ಗೂ ಅದೇ ಹೆಸರು. ತೊಂದರೆ ಇರೋದು 13, 14ರಲ್ಲಿ. 24.1 ನಿಂತಿರೋದು ಫ್ರೀಬಿಎಸ್‌ಡಿ 13.2 ಮೇಲೆ, 24.7ರಿಂದ 14.1ಕ್ಕೆ ಹೋಯ್ತು. ನೀವು ಇಳಿಸಿದ್ದು ಹೊಸ ಫೋಲ್ಡರ್‌ನ ಪ್ಯಾಕೇಜ್.

ಓಪಿಎನ್‌ಸೆನ್ಸ್‌ನ ಮಿರರ್‌ನಲ್ಲಿ (ಪ್ಯಾಕೇಜ್ ಇಳಿಸೋ ಸರ್ವರ್) ‘ಫ್ರೀಬಿಎಸ್‌ಡಿ:13:ಎಎಂಡಿ64’ ಒಳಗೆ 24.1, ಅದರೊಳಗೆ ‘ಲೇಟೆಸ್ಟ್’, ಅಲ್ಲಿ ‘ಆಲ್’. ಓಎಸ್-ನಟ್ (ಪ್ಲಗಿನ್) ಒಂದೇ ಸಾಲದು, ಅದು ಕೇಳೋ ನಟ್ ಪ್ರೋಗ್ರಾಂ, ನಟ್ ಕೇಳೋ ಲೈಬ್ರರಿಗಳು ಎಲ್ಲ ಬೇಕು. ಎಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ಓಎಸ್-ನಟ್ ಫೈಲ್‌ಗೆ ‘ಪಿಕೆಜಿ ಆ್ಯಡ್’ ಕೊಡಿ, ಪಕ್ಕದಲ್ಲಿರೋದನ್ನ ಅದೇ ಹುಡುಕಿ ಹಾಕ್ಕೊಳ್ಳುತ್ತೆ. ಹುಡುಕೋದು ಫೈಲ್ ಹೆಸರು ನೋಡಿ, ಅದಕ್ಕೇ ಎರಡು ಸಲ ಇಳಿಸಿದಾಗ ಬ್ರೌಸರ್ ಕೊನೆಗೆ ‘(1)’ ಸೇರಿಸಿದ್ರೆ ತೆಗೆದುಹಾಕಿ. ಫ್ರೀಬಿಎಸ್‌ಡಿಯವರ ಮಿರರ್‌ನಿಂದ ಏನನ್ನೂ ತರಬೇಡಿ, ಓಪಿಎನ್‌ಸೆನ್ಸ್‌ನವರು ಬೇರೆ ಆಯ್ಕೆಗಳೊಂದಿಗೆ ಕಟ್ಟಿರ್ತಾರೆ.

ಹಳೇಬೋರ್ಡ್:
ಆದರೂ ಸೆಲ್ ಒಮ್ಮೆ ಚೆಕ್ ಮಾಡೋದು ಒಳ್ಳೇದು. ಲಾಗ್‌ಗಳ ಟೈಮ್ ತಪ್ಪುತ್ತೆ.

ಗದಗ_ಗೇಟ್‌ವೇ:
ನೆಟ್ ಇಲ್ಲ ಅಂದಮ್ಯಾಲೆ ಅಪ್‌ಡೇಟ್ ಯಾಕ್ ಬೇಕ್ರಿ? ಹಾಂಗ ಬಿಡ್ರಿ, ಓಡ್ತದ.

ತುಂಗಾತೀರ:
ಇರಾನ್‌ನ ನತಾನ್ಜ್ ಅಣು ಕೇಂದ್ರದಲ್ಲೂ ನೆಟ್ ಇರಲಿಲ್ಲ, ಆದರೂ ಅಲ್ಲಿಗೆ ಹೊಕ್ಕ, 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ (ತಾನೇ ಹರಡೋ ದುಷ್ಟ ಪ್ರೋಗ್ರಾಂ) ಹರಡಿದ್ದು ಯುಎಸ್‌ಬಿ ಡ್ರೈವ್ ಮೇಲೂ. ಸಿಎನ್‌ಸಿ ಅಂಗಳದಲ್ಲಿ ಪೆನ್‌ಡ್ರೈವ್ ಎಷ್ಟು ಕೈ ಬದಲಾಗುತ್ತೆ ಅಂತ ನಿಮಗೆ ಗೊತ್ತಲ್ಲ. ಅದಕ್ಕೇ ಪ್ಯಾಕೇಜ್ ತರೋಕೆ ಒಂದು ಡ್ರೈವ್ ಬೇರೆಯೇ ಇಡಬೇಕು.

ಮುಂದೆ ಇದನ್ನ ಮತ್ತೆ ಮತ್ತೆ ಮಾಡೋದಾದ್ರೆ ಇಡೀ ‘ಲೇಟೆಸ್ಟ್’ ಫೋಲ್ಡರನ್ನ ಹಾಗೇ ನಕಲು ಮಾಡಿ ಒಳಗಿನ ಸರ್ವರ್‌ನಲ್ಲಿಡಿ, ಫರ್ಮ್‌ವೇರ್ ಸೆಟ್ಟಿಂಗ್ಸ್‌ನಲ್ಲಿ ಮಿರರ್ ಅಂತ ಆ ವಿಳಾಸ ಕೊಡಿ. ಕ್ಯಾಟಲಾಗ್‌ನ (ಪ್ಯಾಕೇಜ್ ಪಟ್ಟಿ) ಡಿಜಿಟಲ್ ಸಹಿ ಜೊತೆಗೇ ಬರುತ್ತೆ, ಬಾಕ್ಸ್‌ನಲ್ಲಿರೋ ಫಿಂಗರ್‌ಪ್ರಿಂಟ್ (ಸಹಿ ಕೀಲಿಯ ಗುರುತು) ಜೊತೆ ತಾಳೆ ಆಗುತ್ತೆ. ಬೇಕಾದ ಫೈಲ್ ಮಾತ್ರ ಆರಿಸಿ ನೀವೇ ‘ಪಿಕೆಜಿ ರೆಪೋ’ ಕಮಾಂಡ್‌ನಿಂದ ಹೊಸ ಪಟ್ಟಿ ಮಾಡಿದ್ರೆ ಆ ಸಹಿ ಇರಲ್ಲ, ಆಗ ಜನ ಸಹಿ ಪರಿಶೀಲನೆಯನ್ನೇ ಆಫ್ ಮಾಡ್ತಾರೆ. ಫೈರ್‌ವಾಲ್‌ನಲ್ಲಿ ಅದು ಬೇಡ.

ಪೀಣ್ಯ_ಸೆಕೆಂಡ್‌ಶಿಫ್ಟ್:
13ರ ಫೋಲ್ಡರ್‌ನಿಂದ ತಂದೆ. ಆದರೆ ಇವತ್ತಿನ 64 ಜಿಬಿ ಪೆನ್‌ಡ್ರೈವ್ ಮೌಂಟೇ ಆಗ್ತಿಲ್ಲ!

ರ್‍ಯಾಕ್_ರಾಯ:
ಡ್ರೈವ್‌ನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಇರುತ್ತೆ, ಫ್ರೀಬಿಎಸ್‌ಡಿ ಅದನ್ನ ತಾನಾಗಿ ಓದಲ್ಲ. ಫ್ಯಾಟ್32 ಮಾಡಿ, ‘ಮೌಂಟ್_ಎಂಎಸ್‌ಡಾಸ್‌ಎಫ್‌ಎಸ್’ ಕೊಡಿ. ಇಲ್ಲಾಂದ್ರೆ ಲ್ಯಾಪ್‌ಟಾಪ್‌ನಿಂದ ಒಳಗಿನ ನೆಟ್‌ವರ್ಕ್ ಮೇಲೆ ಎಸ್‌ಸಿಪಿ (ಫೈಲ್ ನಕಲು) ಮಾಡಿ.

ಪೀಣ್ಯ_ಸೆಕೆಂಡ್‌ಶಿಫ್ಟ್:
ಎಸ್‌ಸಿಪಿಯಲ್ಲಿ ಹೋಯ್ತು. ಪ್ಲಗಿನ್ ಕೂತಿದೆ, ಸರ್ವೀಸಸ್ ಮೆನುವಿನಲ್ಲಿ ಬಂದಿದೆ! ತುಂಬ ಥ್ಯಾಂಕ್ಸ್ ತುಂಗಾತೀರ ಅವರೇ. ಈಗ ನಟ್‌ನಲ್ಲಿ ಯುಎಸ್‌ಬಿಎಚ್‌ಐಡಿ ಡ್ರೈವರ್ ಆನ್ ಮಾಡಿದ್ರೆ ಯುಪಿಎಸ್ ಸಿಗ್ತಿಲ್ಲ ಅಂತಿದೆ. ಯಾಕೆ?

ಹಳೇಬೋರ್ಡ್:
ಯುಪಿಎಸ್ ಬ್ಯಾಟರಿ ಎಷ್ಟು ಹಳೇದು?

ತುಂಗಾತೀರ:
ಬ್ಯಾಟರಿಗೂ ಇದಕ್ಕೂ ಸಂಬಂಧ ಇಲ್ಲ. ಎಷ್ಟೋ ಯುಪಿಎಸ್‌ಗಳು ಯುಎಸ್‌ಬಿಎಚ್‌ಐಡಿಗೆ ಅರ್ಥವಾಗದ ಮೆಗಾಟೆಕ್ ಪ್ರೋಟೋಕಾಲ್ (ಸಂವಹನ ಭಾಷೆ) ಮಾತಾಡ್ತವೆ, ಅವಕ್ಕೆ ಕ್ಯೂಎಕ್ಸ್ ಅಥವಾ ಬ್ಲೇಜರ್ ಡ್ರೈವರ್ ಬೇಕು. ‘ಯುಎಸ್‌ಬಿಕಾನ್ಫಿಗ್ ಡಂಪ್_ಡಿವೈಸ್_ಡೆಸ್ಕ್’ ಕೊಟ್ಟು ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಎರಡನ್ನೂ ಇಲ್ಲಿ ಹಾಕಿ. ಯುಪಿಎಸ್ ಮಾಡೆಲ್ ಯಾವುದು ಅನ್ನೋದೂ ಬೇಕು.