ಚಿಕ್ಕಮ್ಮನ ಫೋನ್ ಬ್ಯಾಟರಿ ಯಾಕೆ ಬೇಗ ಇಳಿಯುತ್ತಿದೆ

ಚಿಕ್ಕಮ್ಮ, ಬೆಳಿಗ್ಗೆ ನೀವು ಗ್ರೂಪ್‌ನಲ್ಲಿ ಹಾಕಿದ ಮೆಸೇಜ್ ಈಗ ನೋಡಿದೆ. ಫೋನ್ ತಗೊಂಡು ಎರಡು ವರ್ಷ ಆಯಿತು, ಮೊದಲು ರಾತ್ರಿ ಮಲಗುವವರೆಗೂ ಬರುತ್ತಿದ್ದ ಚಾರ್ಜ್ ಈಗ ಮಧ್ಯಾಹ್ನ ಮೂರಕ್ಕೇ ಮುಗಿಯುತ್ತದೆ, ಒಮ್ಮೊಮ್ಮೆ 20 ಪರ್ಸೆಂಟ್ ಇರುವಾಗಲೇ ಆಫ್ ಆಗಿಬಿಡುತ್ತದೆ, ನಾನೇ ಏನೋ ಕೆಡಿಸಿದೆನೇನೋ ಅಂತ ಬರೆದಿದ್ದೀರಿ. ಅದರ ಕೆಳಗೆ ದೊಡ್ಡಪ್ಪ ಪೂರ್ತಿ ಸೊನ್ನೆಗೆ ಇಳಿಸಿ ಆಮೇಲೆ ಚಾರ್ಜ್ ಹಾಕು ಅಂದಿದ್ದಾರೆ. ಅಣ್ಣ, ಕಂಪನಿಯವರೇ ಅಪ್‌ಡೇಟ್ ಕೊಟ್ಟು ಹಾಳು ಮಾಡುತ್ತಾರೆ ಅಂದಿದ್ದಾನೆ. ಎದುರಿಗೆ ಕೂತು ಮಾತಾಡಿದ ಹಾಗೆಯೇ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಬಿಡುವಾದಾಗ ಓದಿ.

ನೀವು ಏನೂ ಕೆಡಿಸಿಲ್ಲ. ಎರಡು ವರ್ಷ ದಿನಾ ಬಳಸಿದ ಬ್ಯಾಟರಿ ಹೀಗಾಗುವುದು ಸಹಜ. ಡಬ್ಬಿಯಿಂದ ತೆಗೆಯದೆ ಹಾಗೇ ಇಟ್ಟಿದ್ದರೂ ಸ್ವಲ್ಪ ಸವೆದೇ ಇರುತ್ತಿತ್ತು.

ಅದರ ಒಳಗೆ ಇರುವುದು ಎರಡು ತೆಳು ಹಾಳೆ. ಒಂದರ ಮೇಲೆ ಗ್ರಾಫೈಟ್ ಬಳಿದಿರುತ್ತಾರೆ, ಪೆನ್ಸಿಲ್ ಕಡ್ಡಿಯಲ್ಲಿ ಇರುತ್ತದಲ್ಲ, ಅದೇ. ಇನ್ನೊಂದರ ಮೇಲೆ ಹೆಚ್ಚಿನ ಫೋನ್‌ಗಳಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್, ಅಂದರೆ ಲಿಥಿಯಂ, ಕೋಬಾಲ್ಟ್ ಅನ್ನುವ ಎರಡು ಲೋಹಗಳು ಆಮ್ಲಜನಕದ ಜೊತೆ ಸೇರಿದ ವಸ್ತು. ಎರಡೂ ಒಂದಕ್ಕೊಂದು ತಾಗದ ಹಾಗೆ ನಡುವೆ ಸಣ್ಣ ಸಣ್ಣ ತೂತಿನ ಪ್ಲಾಸ್ಟಿಕ್ ಹಾಳೆ. ಅಷ್ಟನ್ನೂ ನೆನೆಸಿಟ್ಟಿರುವ ಒಂದು ದ್ರವ, ಎಲೆಕ್ಟ್ರೋಲೈಟ್. ಚಾರ್ಜ್ ಹಾಕಿದಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಲಿಥಿಯಂ ಕಣಗಳು, ಕೋಬಾಲ್ಟ್ ಕಡೆಯಿಂದ ಬಂದು ಗ್ರಾಫೈಟ್ ಪದರಗಳ ಸಂದಿಯಲ್ಲಿ ಕೂರುತ್ತವೆ. ನೀವು ಫೋನ್ ಬಳಸುವಾಗ ವಾಪಸ್ ಹೋಗುತ್ತವೆ. ಇಷ್ಟೇ ಅದರ ಕೆಲಸ, ದಿನಾ ಆ ಕಡೆ ಈ ಕಡೆ ಓಡಾಟ. ಎಷ್ಟು ಲಿಥಿಯಂ ಓಡಾಡುತ್ತದೋ ಅಷ್ಟು ಚಾರ್ಜ್ ನಿಮಗೆ ಸಿಗುತ್ತದೆ. ಫ್ಯಾಕ್ಟರಿಯಲ್ಲಿ ತುಂಬಿದ್ದು ಎಷ್ಟೋ ಅಷ್ಟೇ, ಆಮೇಲೆ ಹೊಸದು ಸೇರುವುದಿಲ್ಲ. ಚಾರ್ಜರ್ ಕರೆಂಟ್ ಕೊಡುತ್ತದೆ, ಲಿಥಿಯಂ ಕೊಡುವುದಿಲ್ಲ.

ತೊಂದರೆ ಶುರುವಾಗುವುದು ಗ್ರಾಫೈಟ್ ಹತ್ತಿರ. ಆ ದ್ರವ ಗ್ರಾಫೈಟ್‌ಗೆ ತಾಗಿದ ಕಡೆ ಒಡೆದು, ಅದರ ಮೇಲೆ ಒಂದು ತೆಳು ಪದರ ಕಟ್ಟುತ್ತದೆ. ಗಡಸು ನೀರು ಕಾಯಿಸಿ ಕಾಯಿಸಿ ಪಾತ್ರೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಸುಮಾರು ಆ ಥರ. ಇದು ಮೊದಲ ಸಲ ಚಾರ್ಜ್ ಮಾಡುವಾಗಲೇ ಆಗುತ್ತದೆ, ಅದೂ ಫ್ಯಾಕ್ಟರಿಯಲ್ಲೇ. ಈ ಪದರ ಬೇಕೇ ಬೇಕು. ಅದಿಲ್ಲದಿದ್ದರೆ ದ್ರವ ಒಡೆಯುತ್ತಲೇ ಹೋಗುತ್ತಿತ್ತು, ಬ್ಯಾಟರಿ ನಾಲ್ಕು ದಿನವೂ ಬಾಳುತ್ತಿರಲಿಲ್ಲ. ಆದರೆ ಪದರ ಕಟ್ಟುವುದಕ್ಕೆ ಲಿಥಿಯಂ ಬೇಕು. ಅದನ್ನು ಓಡಾಡುವ ಲಿಥಿಯಂನಿಂದಲೇ ತೆಗೆದುಕೊಳ್ಳುತ್ತದೆ. ಒಮ್ಮೆ ಅದರಲ್ಲಿ ಸಿಕ್ಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಪದರ ದಪ್ಪವಾಗುವುದು ಪೂರ್ತಿ ನಿಲ್ಲುವುದೂ ಇಲ್ಲ. ಇದರ ಜೊತೆಗೆ, ಲಿಥಿಯಂ ಒಳಗೆ ಕೂತಾಗ ಗ್ರಾಫೈಟ್ ನೂರಕ್ಕೆ ಹತ್ತರಷ್ಟು ಉಬ್ಬುತ್ತದೆ, ಹೋದಾಗ ಕುಗ್ಗುತ್ತದೆ. ದಿನಾ ಉಬ್ಬಿ ಕುಗ್ಗಿ ಅಲ್ಲಲ್ಲಿ ಬಿರುಕು ಬಿಡುತ್ತದೆ. ಬಿರುಕಿನ ಜಾಗದಲ್ಲಿ ಹೊಸ ಮೈ ತೆರೆದುಕೊಳ್ಳುತ್ತದೆ, ಅಲ್ಲಿ ಮತ್ತೆ ಪದರ, ಮತ್ತೆ ಲಿಥಿಯಂ ಖರ್ಚು. ನಿಮ್ಮ ಫೋನ್ ಮಧ್ಯಾಹ್ನವೇ ಸುಸ್ತಾಗುವುದಕ್ಕೆ ಮುಖ್ಯ ಕಾರಣ ಇದೇ.

ಹಾಗಾದರೆ ಬೆಳಿಗ್ಗೆ 100 ಯಾಕೆ ತೋರಿಸುತ್ತದೆ ಅಂತ ಕೇಳಬಹುದು. ಬಿಂದಿಗೆ ತುಂಬಿದೆ ಅನ್ನುವುದು ನಿಜವೇ, ಬಿಂದಿಗೆ ಚಿಕ್ಕದಾಗಿದೆ ಅಷ್ಟೇ. ಹೊಸದರಲ್ಲಿ 5000 ಎಂಎಎಚ್ ಇದ್ದದ್ದು ಈಗ 4000ಕ್ಕೆ ಇಳಿದಿದ್ದರೂ ಆ 4000 ತುಂಬಿದಾಗ ಫೋನ್ 100 ಅಂತಲೇ ಬರೆಯುತ್ತದೆ.

ಇನ್ನು 20 ಪರ್ಸೆಂಟ್‌ನಲ್ಲಿ ಆಫ್ ಆಗುವ ವಿಷಯ. ಪದರ ದಪ್ಪವಾದ ಹಾಗೆ ಲಿಥಿಯಂ ಓಡಾಡುವುದಕ್ಕೆ ಅಡ್ಡಿ ಜಾಸ್ತಿಯಾಗುತ್ತದೆ. ಒಳಗೆ ಚಾರ್ಜ್ ಇದೆ, ಆದರೆ ಕೇಳಿದ ತಕ್ಷಣ ಕೊಡಲು ಆಗುವುದಿಲ್ಲ. ನೀವು ವಿಡಿಯೋ ಕಾಲ್ ಮಾಡಿದಾಗ, ಫ್ಲಾಶ್ ಹಾಕಿ ಫೋಟೋ ತೆಗೆದಾಗ ಫೋನ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ವೋಲ್ಟೇಜ್ ಧಡಕ್ಕನೆ ಕುಸಿಯುತ್ತದೆ, ಫೋನ್ ತಾನೇ ಆಫ್ ಆಗುತ್ತದೆ. ಚಳಿ ಇದ್ದರೆ ಇದು ಇನ್ನೂ ಜಾಸ್ತಿ. ಮತ್ತೆ ಆನ್ ಮಾಡಿದರೆ 15 ಅಂತಲೋ 18 ಅಂತಲೋ ತೋರಿಸುತ್ತದೆ ಅಲ್ವಾ? ಅದು ಸುಳ್ಳು ಹೇಳುತ್ತಿಲ್ಲ, ಅಷ್ಟು ಉಳಿದೇ ಇರುತ್ತದೆ.

ಅಣ್ಣಾ, ನೀನು ಹೇಳಿದ ಅಪ್‌ಡೇಟ್ ಮಾತು ಪೂರ್ತಿ ತಪ್ಪಲ್ಲ. 2017ರ ಡಿಸೆಂಬರ್‌ನಲ್ಲಿ ಆಪಲ್ ಕಂಪನಿಯೇ ಒಪ್ಪಿಕೊಂಡಿತು, ಬ್ಯಾಟರಿ ಹಳತಾದ ಕೆಲವು ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದೆವು ಅಂತ. ಆದರೆ ಅವರು ಕೊಟ್ಟ ಕಾರಣ ನೋಡು: ಫೋನ್ ಹೀಗೆ ಇದ್ದಕ್ಕಿದ್ದಂತೆ ಆಫ್ ಆಗಬಾರದು ಅಂತ. ಹೇಳದೆ ಮಾಡಿದ್ದು ದೊಡ್ಡ ತಪ್ಪು, ಅದರಲ್ಲಿ ನಾನೂ ನಿನ್ನ ಕಡೆಯೇ. ಆದರೂ ಬ್ಯಾಟರಿ ಸವೆದದ್ದು ಮೊದಲು, ಅಪ್‌ಡೇಟ್ ಬಂದದ್ದು ಆಮೇಲೆ.

ದೊಡ್ಡಪ್ಪ, ನಿಮ್ಮ ಮಾತು ನಿಮ್ಮ ಕಾಲದ ಬ್ಯಾಟರಿಗೆ ಸರಿಯಾಗಿಯೇ ಇತ್ತು. ಆಗಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳನ್ನು ಆಗಾಗ ಪೂರ್ತಿ ಇಳಿಸಬೇಕು ಅಂತ ಎಲ್ಲರೂ ಹೇಳುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. ಲಿಥಿಯಂ ಬೇರೆ ಜಾತಿ. ಇದನ್ನು ದಿನಾ ಸೊನ್ನೆಗೆ ಇಳಿಸಿದರೆ ಸವೆತ ಜಾಸ್ತಿ. 30ಕ್ಕೋ 40ಕ್ಕೋ ಬಂದಾಗ ಸ್ವಲ್ಪ ಚಾರ್ಜ್ ಹಾಕಿ ತೆಗೆದರೆ ಏನೂ ಆಗುವುದಿಲ್ಲ, ಒಳ್ಳೆಯದೇ. ಎಷ್ಟು ಸಲ ವೈರ್ ಚುಚ್ಚಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಎರಡೂ ಸೇರಿ ಒಂದು ಸುತ್ತು. ಈ ಸುತ್ತಿನ ಲೆಕ್ಕದಲ್ಲೇ ಬ್ಯಾಟರಿ ಆಯಸ್ಸು ಹೇಳುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಒಂದು ನಿಯಮ ಬಂದಿದೆ: ಅಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನ್‌ನ ಬ್ಯಾಟರಿ 800 ಸುತ್ತು ಆದ ಮೇಲೂ ಕನಿಷ್ಠ 80 ಪರ್ಸೆಂಟ್ ಉಳಿಸಿಕೊಂಡಿರಬೇಕು. ಚಿಕ್ಕಮ್ಮ, ನೀವು ದಿನಕ್ಕೆ ಒಂದು ಸುತ್ತು ಮುಗಿಸಿದರೆ ಎರಡು ವರ್ಷಕ್ಕೆ 700 ದಾಟುತ್ತದೆ. ಅದಕ್ಕೇ ಹೇಳಿದ್ದು, ನಿಮ್ಮ ತಪ್ಪಿಲ್ಲ ಅಂತ.

ನಮ್ಮ ಕೈಯಲ್ಲಿ ಇರುವುದು ಎರಡು ವಿಷಯ: ಬಿಸಿ, ಮತ್ತು ತುಂಬಿದ ಬ್ಯಾಟರಿ ತುಂಬಿಕೊಂಡೇ ಇರುವುದು. ಎರಡೂ ಸೇರಿದರೆ ಆ ಪದರ ಬೆಳೆಯುವ ವೇಗವೇ ಬೇರೆ. 100 ಆದಾಗ ವೋಲ್ಟೇಜ್ ತುದಿಯಲ್ಲಿರುತ್ತದೆ. ಹಳೆಯ ಬ್ಯಾಟರಿಗಳಲ್ಲಿ ಆ ತುದಿ 4.2 ವೋಲ್ಟ್ ಇತ್ತು, ಈಗಿನ ಎಷ್ಟೋ ಫೋನ್‌ಗಳಲ್ಲಿ 4.4ರ ಆಸುಪಾಸು ಇದೆ, ಜಾಸ್ತಿ ಚಾರ್ಜ್ ಹಿಡಿಯಲಿ ಅಂತ. ಆ ಸ್ಥಿತಿಯಲ್ಲಿ ಕೋಬಾಲ್ಟ್ ಕಡೆಯೂ ದ್ರವ ಒಡೆಯತೊಡಗುತ್ತದೆ. ರಾತ್ರಿಯಿಡೀ ಚಾರ್ಜ್ ಹಾಕಿದರೆ ಉಕ್ಕಿ ಹರಿಯುತ್ತದೆ ಅನ್ನುವ ಭಯ ಬೇಡ, ತುಂಬಿದ ಮೇಲೆ ಫೋನೇ ನಿಲ್ಲಿಸುತ್ತದೆ. ನನಗೆ ಚಿಂತೆ ಇರುವುದು ನಿಮ್ಮ ದಿಂಬಿನದು. ದಪ್ಪ ಕವರ್ ಹಾಕಿದ ಫೋನ್, ಮೇಲೆ ದಿಂಬು, ಚಾರ್ಜರ್ ಹಾಕಿದ ಹಾಗೇ ಬೆಳಗಿನವರೆಗೆ. ಒಂದು ಸಲ ಬೆಳಿಗ್ಗೆ ನಾನೇ ಅದನ್ನು ಎತ್ತಿಕೊಟ್ಟಿದ್ದೆ, ನೆನಪಿದೆಯಾ? ಅಂಗೈಗೆ ಜ್ವರ ಬಂದವರ ಹಣೆ ಮುಟ್ಟಿದ ಹಾಗಾಯಿತು. ದಯವಿಟ್ಟು ಇವತ್ತಿನಿಂದ ಅದು ಹಾಸಿಗೆಯಿಂದ ದೂರ, ಟೇಬಲ್ ಮೇಲೆ ಇರಲಿ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅಂತ ಇರುವಲ್ಲಿ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ತಂಗಿ ಹತ್ತಿರ ಹಾಕಿಸಿಕೊಳ್ಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಫೋನ್ ಬಿಡಬೇಡಿ.

ಇಷ್ಟೆಲ್ಲ ಹೇಳಿದರೂ ನನಗೆ ಈ ಬ್ಯಾಟರಿ ಮೇಲೆ ತುಂಬಾ ಗೌರವ ಇದೆ. ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಈ ಕೆಲಸಕ್ಕೆ ಆಗುತ್ತದೆ ಅಂತ ಜಾನ್ ಗುಡ್‌ಇನಫ್ ಅನ್ನುವ ವಿಜ್ಞಾನಿ ಆಕ್ಸ್‌ಫರ್ಡ್‌ನಲ್ಲಿ ತೋರಿಸಿಕೊಟ್ಟದ್ದು 1980ರಲ್ಲಿ. 1991ರಲ್ಲಿ ಸೋನಿ ಅಂಥ ಬ್ಯಾಟರಿಯನ್ನು ಮಾರಾಟಕ್ಕೆ ತಂದಿತು. 2019ರಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೋ ಜೊತೆ ಗುಡ್‌ಇನಫ್ ಅವರಿಗೆ ನೊಬೆಲ್ ಬಂದಾಗ ಅವರಿಗೆ 97 ವರ್ಷ. ಅವರು ಕಂಡುಕೊಂಡದ್ದೇ ಇವತ್ತೂ ನಿಮ್ಮ ಕೈಯಲ್ಲಿದೆ.

ಕೊನೆಗೆ ಒಂದು ವಿಷಯ, ಇದನ್ನು ಮಾತ್ರ ಇವತ್ತೇ ಮಾಡಬೇಕು. ಹೋದ ವರ್ಷ ನನ್ನ ಹಳೇ ಫೋನ್ ಡ್ರಾಯರ್‌ನಲ್ಲಿ ಸಿಕ್ಕಿತು. ಗಾಜಿನ ಅಂಚು ಒಂದು ಕಡೆ ಎದ್ದಿತ್ತು, ಉಗುರು ತೂರುವಷ್ಟು. ಒತ್ತಿ ಕೂರಿಸೋಣ ಅಂತ ಹೆಬ್ಬೆರಳು ಇಟ್ಟೆ, ಕೆಳಗೆ ಮೆತ್ತಗೆ ದಿಂಬಿನ ಹಾಗೆ ಸಿಕ್ಕಿತು. ತಕ್ಷಣ ಕೈ ತೆಗೆದೆ. ಒಳಗಿನ ದ್ರವ ಒಡೆದು ಗ್ಯಾಸ್ ಆಗಿ ಬ್ಯಾಟರಿ ಉಬ್ಬಿತ್ತು. ಒತ್ತಿದರೆ, ಚುಚ್ಚಿದರೆ ಹೊತ್ತಿಕೊಳ್ಳಬಹುದು. ನಿಮ್ಮದೂ ಹಳೇ ಬ್ಯಾಟರಿ, ಮೇಲಿಂದ ದಿನಾ ಬಿಸಿಯಾಗಿದೆ. ಕವರ್ ತೆಗೆದು ಸ್ಕ್ರೀನ್ ಕೆಳಗೆ ಬರುವ ಹಾಗೆ ಟೇಬಲ್ ಮೇಲೆ ಇಡಿ. ಹಿಂಬದಿ ಕೆಳಗೆ ಮಾಡಿದರೆ ಕ್ಯಾಮೆರಾ ಅಡ್ಡ ಬಂದು ಗೊತ್ತಾಗುವುದಿಲ್ಲ. ಬೆರಳಿಂದ ಮೂಲೆ ಮುಟ್ಟಿದಾಗ ತೂಗಾಡುತ್ತದಾ? ಅಂಚಿನಲ್ಲಿ ಎಲ್ಲಾದರೂ ಸಂದು ಕಾಣುತ್ತದಾ? ಹಾಗೇನಾದರೂ ಇದ್ದರೆ ಚಾರ್ಜ್ ಹಾಕಬೇಡಿ, ಆಫ್ ಮಾಡಿ ಇಟ್ಟು ನನಗೆ ಫೋನ್ ಮಾಡಿಸಿ. ಏನೂ ಇಲ್ಲದಿದ್ದರೆ ಹೊಸ ಫೋನ್ ತಗೊಳ್ಳುವ ಯೋಚನೆ ಬಿಡಿ, ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಒಂದನ್ನೇ ಬದಲಾಯಿಸಿಕೊಡುತ್ತಾರೆ, ನಾನೇ ಜೊತೆಗೆ ಬರುತ್ತೇನೆ. ತಂಗೀ, ಅಮ್ಮನ ಫೋನ್ ಅಂಚಿನ ಫೋಟೋ ನಾಲ್ಕೂ ಕಡೆಯಿಂದ ತೆಗೆದು ಇಲ್ಲೇ ಹಾಕು. ಸಂಜೆ ನೋಡುತ್ತೇನೆ.